ಬೆಂಕಿ ಕಂಪ್ಯೂಟರಿನದು, ಬೆಳಕು ಯಾರದು?

ಆಸ್ಕರ್ ಫಲಿತಾಂಶ ಹೊರಬಿದ್ದ ಮೇಲೆ ಸಿನಿಮಾಪ್ರಿಯರ ನಡುವೆ ಏಳುವ ಜಗಳಗಳು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಣ್ಣಗಾಗುತ್ತವೆ. ಒಂದು ಜಗಳ ಮಾತ್ರ 2010ರಿಂದ ಇವತ್ತಿನವರೆಗೂ ನಡೆಯುತ್ತಲೇ ಇದೆ. ಅರ್ಧಕ್ಕಿಂತ ಹೆಚ್ಚು ದೃಶ್ಯಗಳು ಕಂಪ್ಯೂಟರಿನಲ್ಲೇ ಹುಟ್ಟಿದ ಚಿತ್ರಕ್ಕೆ ಅತ್ಯುತ್ತಮ ಛಾಯಾಗ್ರಹಣದ ಪ್ರಶಸ್ತಿ ಕೊಡಬಹುದೇ ಎಂಬುದು ಆ ಜಗಳ. ‘ಗ್ರಾಫಿಕ್ಸ್ ತೆಗೆದರೆ ಅದರಲ್ಲಿ ಕ್ಯಾಮೆರಾಮನ್ ಮಾಡಿದ್ದೇನಿದೆ?’ ಎಂದು ಒಂದು ಬಣ ಕೇಳುತ್ತದೆ. ‘ಪರದೆ ಮೇಲೆ ಕಂಡದ್ದು ಚೆನ್ನಾಗಿದ್ದರೆ ಆಯಿತಲ್ಲ, ಅದು ಹೇಗೆ ಬಂತು ಅನ್ನೋದು ಯಾಕೆ ಬೇಕು?’ ಎಂದು ಇನ್ನೊಂದು ಬಣ.

ಎರಡೂ ಬಣ ಅಳೆಯುತ್ತಿರುವುದು ಗ್ರಾಫಿಕ್ಸ್ ಎಷ್ಟಿದೆ ಎಂಬುದನ್ನು. ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಬೇರೆ. ಆ ಚೌಕಟ್ಟಿನೊಳಗಿನ ಬೆಳಕು ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಯಾವ ಬಣ್ಣದ್ದಿರಬೇಕು ಎಂದು ತೀರ್ಮಾನಿಸಿದವರು ಯಾರು? ಇದನ್ನು ಹಿಡಿದುಕೊಂಡು ನೋಡಿದರೆ ಗ್ರಾಫಿಕ್ಸ್ ತುಂಬಿದ ಕೆಲವು ಚಿತ್ರಗಳು ಆ ಪ್ರಶಸ್ತಿಗೆ ಪೂರ್ತಿ ಅರ್ಹ ಎಂದು ಗೊತ್ತಾಗುತ್ತದೆ. ಕೆಲವು ಅಲ್ಲ ಎಂದೂ ಗೊತ್ತಾಗುತ್ತದೆ.

ಮೊದಲು ಲೆಕ್ಕ ನೋಡೋಣ. 2010ರಲ್ಲಿ ‘ಅವತಾರ್’ ಚಿತ್ರಕ್ಕಾಗಿ ಮೌರೊ ಫಿಯೋರೆ ಛಾಯಾಗ್ರಹಣದ ಆಸ್ಕರ್ ಪಡೆದರು. ಮರುವರ್ಷ ‘ಇನ್ಸೆಪ್ಷನ್’ಗೆ ವಾಲಿ ಫಿಸ್ಟರ್, 2012ರಲ್ಲಿ ‘ಹ್ಯೂಗೊ’ಗೆ ರಾಬರ್ಟ್ ರಿಚರ್ಡ್‌ಸನ್, 2013ರಲ್ಲಿ ‘ಲೈಫ್ ಆಫ್ ಪೈ’ಗೆ ಕ್ಲಾಡಿಯೊ ಮಿರಾಂಡಾ, 2014ರಲ್ಲಿ ‘ಗ್ರಾವಿಟಿ’ಗೆ ಇಮ್ಯಾನುಯೆಲ್ ಲುಬೆಜ್ಕಿ. ಈ ಐದೂ ಚಿತ್ರಗಳು ಅದದೇ ವರ್ಷ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ಅನ್ನೂ ಗೆದ್ದವು. ಆಮೇಲೆ 2018ರಲ್ಲಿ ‘ಬ್ಲೇಡ್ ರನ್ನರ್ 2049’, 2020ರಲ್ಲಿ ‘1917’, 2022ರಲ್ಲಿ ‘ಡ್ಯೂನ್’ ಕೂಡ ಎರಡನ್ನೂ ಒಟ್ಟಿಗೆ ಒಯ್ದವು. ಹದಿಮೂರು ವರ್ಷಗಳಲ್ಲಿ ಎಂಟು ಸಲ! ಇದನ್ನು ಕಾಕತಾಳೀಯ ಎಂದು ತಳ್ಳಿಹಾಕಲಾಗದು.

ಇದಕ್ಕೆ ಒಂದು ಕಾರಣ ಮತದಾನದ ಪದ್ಧತಿಯಲ್ಲಿದೆ. ಛಾಯಾಗ್ರಹಣ ವಿಭಾಗದಲ್ಲಿ ನಾಮನಿರ್ದೇಶನ ಮಾಡುವವರು ಆಸ್ಕರ್ ಕೊಡುವ ಅಕಾಡೆಮಿಯ ಛಾಯಾಗ್ರಾಹಕ ಸದಸ್ಯರು ಮಾತ್ರ. ಆ ಐದರಲ್ಲಿ ಗೆಲ್ಲುವುದು ಯಾವುದು ಎಂದು ತೀರ್ಮಾನಿಸುವವರು ಎಲ್ಲ ವಿಭಾಗಗಳ ಸದಸ್ಯರು, ಅಂದರೆ ನಟರು, ಬರಹಗಾರರು, ನಿರ್ಮಾಪಕರು, ಸಂಗೀತಗಾರರು ಎಲ್ಲರೂ. ಅವರಲ್ಲಿ ಹೆಚ್ಚಿನವರು ಬೆಳಕಿನ ಕಸುಬು ಬಲ್ಲವರಲ್ಲ. ಕಣ್ಣು ಕೋರೈಸಿದ ಚಿತ್ರಕ್ಕೆ ಮತ ಹಾಕುತ್ತಾರೆ. ಅಮೆರಿಕದ ಛಾಯಾಗ್ರಾಹಕರ ಸಂಘ, ಎಲ್ಲರೂ ಎಎಸ್‌ಸಿ ಎಂದು ಕರೆಯುವ ಸಂಸ್ಥೆ, ಅದೇ ವರ್ಷಗಳಲ್ಲಿ ಯಾರನ್ನು ಆರಿಸಿತು ಎಂದು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ‘ಅವತಾರ್’ ವರ್ಷದಲ್ಲಿ ಸಂಘ ಆರಿಸಿದ್ದು ‘ದಿ ವೈಟ್ ರಿಬ್ಬನ್’ ಎಂಬ ಕಪ್ಪುಬಿಳುಪು ಚಿತ್ರದ ಕ್ರಿಶ್ಚಿಯನ್ ಬರ್ಗರ್ ಅವರನ್ನು. ‘ಹ್ಯೂಗೊ’ ವರ್ಷದಲ್ಲಿ ‘ದಿ ಟ್ರೀ ಆಫ್ ಲೈಫ್’ನ ಲುಬೆಜ್ಕಿ. ‘ಲೈಫ್ ಆಫ್ ಪೈ’ ವರ್ಷದಲ್ಲಿ ‘ಸ್ಕೈಫಾಲ್’ನ ರೋಜರ್ ಡೀಕಿನ್ಸ್. ಆದರೆ ‘ಇನ್ಸೆಪ್ಷನ್’ ಮತ್ತು ‘ಗ್ರಾವಿಟಿ’ಯ ವಿಷಯದಲ್ಲಿ ಸಂಘವೂ ಅಕಾಡೆಮಿಯೂ ಒಪ್ಪಿದವು. ಕಸುಬುದಾರರಿಗೆ ಗ್ರಾಫಿಕ್ಸ್ ಕಂಡರೆ ಅಲರ್ಜಿ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಟ್ಟಿದ್ದಾರೆಂದರೆ ಅವರು ಬೇರೇನನ್ನೋ ನೋಡುತ್ತಿದ್ದಾರೆ.

ಶುದ್ಧ ಕ್ಯಾಮೆರಾ ಕೆಲಸದ ಪರವಾಗಿ ಮಾತಾಡುವವರು ಮರೆಯುವ ಸಂಗತಿಯೊಂದಿದೆ. ಶುದ್ಧ ಎನ್ನುವಂಥ ಕಾಲ ಸಿನಿಮಾದಲ್ಲಿ ಯಾವತ್ತೂ ಇರಲಿಲ್ಲ. ‘ದಿ ವೈಟ್ ರಿಬ್ಬನ್’ ಅನ್ನೇ ತೆಗೆದುಕೊಳ್ಳಿ. ಅದನ್ನು ಚಿತ್ರಿಸಿದ್ದು ಕಲರ್ ಫಿಲ್ಮಿನಲ್ಲಿ. ಬಣ್ಣ ಹೋದದ್ದು ಆಮೇಲೆ, ಡಿಜಿಟಲ್ ಆಗಿ. ನೈಸರ್ಗಿಕ ಬೆಳಕಿನ ಮಹಾಕಾವ್ಯ ಎಂದು ಹೊಗಳಿಸಿಕೊಂಡು 2016ರಲ್ಲಿ ಲುಬೆಜ್ಕಿಗೆ ಸತತ ಮೂರನೇ ಆಸ್ಕರ್ ತಂದ ‘ದಿ ರೆವೆನಂಟ್’ನಲ್ಲಿ ನಾಯಕನನ್ನು ಸಿಗಿದುಹಾಕುವ ಕರಡಿ ಪೂರ್ತಿ ಕಂಪ್ಯೂಟರಿನದು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮೈಸೂರಿನ ಹುಡುಗನೊಬ್ಬ ಸಿಗುತ್ತಾನೆ. ಕಾಕನಕೋಟೆ ಕಾಡಿನ ಆಸುಪಾಸಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು. ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಆಯ್ಕೆಯಾಗಿ ಇಂಗ್ಲೆಂಡಿಗೆ ಹೋದ ಆತ 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ನಟಿಸಿದ. ಹಾರುವ ಚಾಪೆ, ಆಕಾಶದೆತ್ತರದ ಜಿನಿ, ಅದರ ಕಾಲಬುಡದಲ್ಲಿ ಇರುವೆಯಷ್ಟಾಗಿ ನಿಂತ ಸಾಬು, ಇವೆಲ್ಲ ಟ್ರಿಕ್ ಫೋಟೋಗ್ರಫಿಯ ಫಲ. ನಟರನ್ನು ನೀಲಿ ಪರದೆ ಮುಂದೆ ಚಿತ್ರಿಸಿ ಹಿನ್ನೆಲೆಯನ್ನು ಆಮೇಲೆ ಸೇರಿಸುವ ಇವತ್ತಿನ ಬ್ಲೂ ಸ್ಕ್ರೀನಿನ ಮೂಲ ಹುಡುಕುವವರು ಈ ಚಿತ್ರದಲ್ಲಿ ಲಾರೆನ್ಸ್ ಬಟ್ಲರ್ ಮಾಡಿದ ಕೆಲಸಕ್ಕೇ ಬಂದು ನಿಲ್ಲುತ್ತಾರೆ. ಆ ಚಿತ್ರಕ್ಕೆ ಸ್ಪೆಷಲ್ ಎಫೆಕ್ಟ್ಸ್ ಆಸ್ಕರ್ ಬಂತು, ವರ್ಣ ಛಾಯಾಗ್ರಹಣದ ಆಸ್ಕರ್ ಕೂಡ ಜಾರ್ಜ್ ಪೆರಿನಾಲ್ ಅವರಿಗೆ ಬಂತು. ಅಂದರೆ ಜೋಡಿ ಪ್ರಶಸ್ತಿ ‘ಅವತಾರ್’ನಿಂದ ಶುರುವಾದ ಚಾಳಿಯಲ್ಲ. ಸಾಬು ನಟಿಸಿದ ‘ಬ್ಲ್ಯಾಕ್ ನಾರ್ಸಿಸಸ್’ಗೂ 1948ರಲ್ಲಿ ಜಾಕ್ ಕಾರ್ಡಿಫ್ ಛಾಯಾಗ್ರಹಣದ ಆಸ್ಕರ್ ಪಡೆದರು. ಅದರಲ್ಲಿ ಕಾಣುವ ಹಿಮಾಲಯದ ಕಣಿವೆಗಳನ್ನು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ, ಹಿನ್ನೆಲೆಗೆಂದು ಬಣ್ಣದಲ್ಲಿ ಬಿಡಿಸಿದ ಮ್ಯಾಟ್ ಚಿತ್ರಗಳ ನೆರವಿನಿಂದ ಕಟ್ಟಿದ್ದರು.

ನಮ್ಮ ಕಡೆ ‘ಮಾಯಾಬಜಾರ್’ ನೋಡದವರು ಕಡಿಮೆ. ಘಟೋತ್ಕಚನ ಬಾಯಿಗೆ ಲಾಡುಗಳು ತಾವೇ ಹಾರಿಹೋಗುವಾಗ ಇವತ್ತಿನ ಮಕ್ಕಳೂ ಚಪ್ಪಾಳೆ ತಟ್ಟುತ್ತಾರೆ. ಆ ಮಾಯೆಯನ್ನು ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಅವರ ಕ್ಯಾಮೆರಾದಿಂದ ಬಿಡಿಸಿ ನೋಡಲು ಯಾರೂ ಹೋಗುವುದಿಲ್ಲ. ‘ಕಾಗಜ್ ಕೆ ಫೂಲ್’ನ ಸ್ಟುಡಿಯೊದೊಳಗೆ ಬೀಳುವ ಬೆಳಕಿನ ಕೋಲನ್ನು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ತಿರುಗಿಸಿ ತಂದರು. ಬಿಸಿಲು ನಿಜವಾದದ್ದೇ, ಅದು ಬಿದ್ದ ದಾರಿ ಮಾತ್ರ ಮನುಷ್ಯ ಮಾಡಿದ್ದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಆ ಒಂದು ಶಾಟ್ ನೋಡಿದರೂ ಅದು ಯಾಕೆ ಎಂದು ಅರ್ಥವಾಗುತ್ತದೆ.

ಹಾಗಾದರೆ ಡಿಜಿಟಲ್ ಕಾಲದಲ್ಲಿ ಬದಲಾದದ್ದೇನು? ಬದಲಾದದ್ದು ಸಮಯ. ಪೆರಿನಾಲ್, ಬಾರ್ಟ್ಲಿ, ಮೂರ್ತಿಯವರ ಕಾಲದಲ್ಲಿ ಬೆಳಕಿನ ತೀರ್ಮಾನ ಬಹುಪಾಲು ಶೂಟಿಂಗ್ ಮುಗಿಯುವ ಹೊತ್ತಿಗೆ ಆಗಿಹೋಗಿರುತ್ತಿತ್ತು. ಈಗ ಅದು ಶೂಟಿಂಗ್ ಮುಗಿದು ಎಷ್ಟೋ ತಿಂಗಳಾದ ಮೇಲೂ ಆಗಬಹುದು, ಕ್ಯಾಮೆರಾಮನ್ ಮುಂದಿನ ಚಿತ್ರದ ಸೆಟ್ಟಿನಲ್ಲಿರುವಾಗ, ಬೇರೊಂದು ದೇಶದ ಕತ್ತಲ ಕೋಣೆಯಲ್ಲಿ ಕೂತ ಲೈಟಿಂಗ್ ಕಲಾವಿದರ ಕೈಯಲ್ಲಿ.

ಇದು ನಡೆಯುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಫೆಕ್ಟ್ಸ್ ಇರುವ ಶಾಟ್ ಮುಗಿದ ಕೂಡಲೇ ಒಬ್ಬ ತಂತ್ರಜ್ಞ ಎರಡು ಚೆಂಡು ಹಿಡಿದು ಕ್ಯಾಮೆರಾ ಮುಂದೆ ಬರುತ್ತಾನೆ. ಒಂದು ಕನ್ನಡಿಯಂತೆ ಹೊಳೆಯುವ ಚೆಂಡು, ಇನ್ನೊಂದು ಮಾಸಲು ಬೂದು ಬಣ್ಣದ್ದು. ಹೊಳೆಯುವ ಚೆಂಡಿನ ಮೇಲೆ ಸೆಟ್ಟಿನ ಲೈಟುಗಳೆಲ್ಲ ಎಲ್ಲೆಲ್ಲಿವೆ ಎಂಬುದು ಪ್ರತಿಬಿಂಬಿಸುತ್ತದೆ. ಬೂದು ಚೆಂಡಿನಲ್ಲಿ ಬೆಳಕು ಎಷ್ಟು ಮೆದು, ನೆರಳು ಎಷ್ಟು ಗಾಢ ಎಂಬುದು ತಿಳಿಯುತ್ತದೆ. ಈ ದಾಖಲೆ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಹುಲಿಗೋ ಹಡಗಿಗೋ ಅದೇ ಬೆಳಕನ್ನು ಹಾಕುತ್ತಾರೆ. ಇಲ್ಲಿ ಕ್ಯಾಮೆರಾಮನ್ ಸೆಟ್ಟಿನಲ್ಲಿ ಮಾಡಿದ ತೀರ್ಮಾನವೇ ಯಜಮಾನ, ಕಂಪ್ಯೂಟರ್ ಅದನ್ನು ಅನುಸರಿಸುತ್ತದೆ. ಇನ್ನು ಕೆಲವು ಚಿತ್ರಗಳಲ್ಲಿ ಇದು ಉಲ್ಟಾ. ಹಿನ್ನೆಲೆ ಏನಿರುತ್ತದೆ ಎಂದೇ ಗೊತ್ತಿರುವುದಿಲ್ಲ. ಆಗ ನಟರ ಮೇಲೆ ಎಲ್ಲಾ ಕಡೆಯಿಂದ ಸಮನಾದ, ಸಪ್ಪೆ ಬೆಳಕು ಚೆಲ್ಲಿ ನೀಲಿ ಪರದೆ ಮುಂದೆ ಚಿತ್ರಿಸುತ್ತಾರೆ, ಮಿಕ್ಕದ್ದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ಸೂಪರ್‌ಹೀರೊ ಚಿತ್ರಗಳಲ್ಲಿ ಮುಖಗಳು ಹಿನ್ನೆಲೆಗೆ ಅಂಟಿಕೊಳ್ಳದೆ ತೇಲಿದಂತೆ ಕಾಣುವುದು ಇದೇ ಕಾರಣಕ್ಕೆ. ನೋಡುವವರ ಕಣ್ಣಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ.

ಮೊದಲ ಬಗೆಯ ಕೆಲಸದ ತುತ್ತತುದಿ ‘ಗ್ರಾವಿಟಿ’. ಹಲವು ಶಾಟುಗಳಲ್ಲಿ ನಟಿಯ ಮುಖ ಬಿಟ್ಟು ಬೇರೇನೂ ನಿಜವಲ್ಲ. ಬಾಹ್ಯಾಕಾಶದ ಉಡುಪು ಕೂಡ ಕಂಪ್ಯೂಟರಿನದು. ಇದನ್ನೇ ಮುಂದಿಟ್ಟು ‘ಇದಕ್ಕೆ ಕ್ಯಾಮೆರಾ ಪ್ರಶಸ್ತಿಯೇ?’ ಎಂದು ಕೇಳಿದವರು ಬಹಳ. ಆದರೆ ಆ ಮುಖದ ಮೇಲಿನ ಬೆಳಕನ್ನು ನೋಡಿ. ಭೂಮಿಯ ಸುತ್ತ ತಿರುಗುತ್ತಿರುವ ಮನುಷ್ಯಳ ಮೇಲೆ ಒಂದು ಕಡೆಯಿಂದ ಸೂರ್ಯನ ಗಡಸು ಬೆಳಕು, ಇನ್ನೊಂದು ಕಡೆಯಿಂದ ಭೂಮಿ ಪ್ರತಿಫಲಿಸುವ ನೀಲಿ ಹೊಳಪು ಬೀಳಬೇಕು. ಆಕೆ ಉರುಳಿದಂತೆ ಅದೂ ಕ್ಷಣಕ್ಷಣಕ್ಕೂ ಮುಖದ ಮೇಲೆ ಹರಿದಾಡಬೇಕು. ಇದಕ್ಕಾಗಿ ಲುಬೆಜ್ಕಿ ಮತ್ತು ಫ್ರೇಮ್‌ಸ್ಟೋರ್ ಎಂಬ ಎಫೆಕ್ಟ್ಸ್ ಸಂಸ್ಥೆಯ ಟಿಮ್ ವೆಬರ್ ತಂಡ ಒಳಗೋಡೆಗಳೆಲ್ಲ ಎಲ್‌ಇಡಿ ಫಲಕಗಳಿಂದಾದ ಪೆಟ್ಟಿಗೆಯೊಂದನ್ನು ಕಟ್ಟಿದರು. ಅದರ ನಡುವೆ ಸ್ಯಾಂಡ್ರಾ ಬುಲಕ್ ಅವರನ್ನು ನಿಲ್ಲಿಸಿ, ಸುತ್ತಲಿನ ಫಲಕಗಳ ಮೇಲೆ ಭೂಮಿ, ಸೂರ್ಯ, ಬಾಹ್ಯಾಕಾಶ ನಿಲ್ದಾಣಗಳ ಚಿತ್ರಗಳನ್ನು ಓಡಿಸಿದರು. ಆಕೆ ತಿರುಗುವ ಬದಲು ಆಕೆಯ ಸುತ್ತ ಬೆಳಕು ತಿರುಗಿತು. ಕ್ಯಾಮೆರಾ ರೋಬೋಟ್ ತೋಳಿನ ಮೇಲೆ ಚಲಿಸಿತು. ಚಿತ್ರೀಕರಣಕ್ಕೆ ಮುಂಚೆಯೇ ಇಡೀ ಚಿತ್ರದ ಬೆಳಕನ್ನು ಕಂಪ್ಯೂಟರಿನಲ್ಲಿ ಯೋಜಿಸಿದ್ದರು, ಆ ಯೋಜನೆಯ ಉದ್ದಕ್ಕೂ ಛಾಯಾಗ್ರಾಹಕ ಜೊತೆಗಿದ್ದರು. ಇದು ಛಾಯಾಗ್ರಹಣ ಅಲ್ಲ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇವತ್ತು ಎಲ್ಲ ದೊಡ್ಡ ಸ್ಟುಡಿಯೊಗಳಲ್ಲಿ ಕಾಣುವ ಎಲ್‌ಇಡಿ ಗೋಡೆಗಳ ಹಿರಿಯ ತಲೆಮಾರು ಆ ಪೆಟ್ಟಿಗೆಯೇ.

‘1917’ರ ಇನ್ನೊಂದು ಉದಾಹರಣೆ ನನಗೆ ಇನ್ನೂ ಹೆಚ್ಚು ಪ್ರಿಯ. ರಾತ್ರಿ, ಪಾಳುಬಿದ್ದ ಫ್ರೆಂಚ್ ಊರು, ನಡುವೆ ಹೊತ್ತಿ ಉರಿಯುವ ಚರ್ಚು. ಸೆಟ್ಟಿನಲ್ಲಿ ಚರ್ಚೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಅಲ್ಲಿದ್ದದ್ದು ಛಾಯಾಗ್ರಾಹಕ ಡೀಕಿನ್ಸ್ ನಿಲ್ಲಿಸಿದ್ದ ಹಲವು ಅಂತಸ್ತಿನ ಗೋಪುರ, ಅದರ ತುಂಬ ಸುಮಾರು ಎರಡು ಸಾವಿರ ಟಂಗ್‌ಸ್ಟನ್ ಬಲ್ಬುಗಳು. ಅವು ಕಂಪಿಸುತ್ತ ಉರಿದು ಇಡೀ ಊರಿನ ಗೋಡೆಗಳ ಮೇಲೆ ಕೆಂಬೆಳಕು ಚೆಲ್ಲಿದವು. ಆಮೇಲೆ ಗೋಪುರ ಇದ್ದ ಜಾಗದಲ್ಲಿ ಕಂಪ್ಯೂಟರಿನ ಚರ್ಚು, ಕಂಪ್ಯೂಟರಿನ ಜ್ವಾಲೆ ಬಂದು ಕೂತವು. ಮೇಲೆ ಹಾರುವ ಬೆಳಕಿನ ಬಾಣಗಳಂಥ ಫ್ಲೇರುಗಳಿಂದ ನೆರಳು ಯಾವ ಕಡೆಗೆ ಓಡಬೇಕು ಎಂಬುದನ್ನು ಊರಿನ ಪುಟ್ಟ ಮಾದರಿಯೊಂದನ್ನಿಟ್ಟು ಮೊದಲೇ ಪರೀಕ್ಷಿಸಿದ್ದರು. ಆ ದೃಶ್ಯದಲ್ಲಿ ಎಫೆಕ್ಟ್ಸ್ ತಂಡ ಮತ್ತು ಛಾಯಾಗ್ರಾಹಕ ಇಬ್ಬರದ್ದೂ ಶ್ರೇಷ್ಠ ಕೆಲಸ. ಎರಡಕ್ಕೂ ಬೇರೆಬೇರೆ ಪ್ರಶಸ್ತಿ ಬಂದದ್ದು ನ್ಯಾಯವೇ.

‘ಡ್ಯೂನ್’ನಲ್ಲೂ ಇದೇ ಬಗೆಯ ಎಚ್ಚರ ಕಾಣುತ್ತದೆ. ನೀಲಿ, ಹಸಿರು ಪರದೆ ಬಳಸಿದರೆ ಆ ಬಣ್ಣ ನಟರ ಮುಖದ ಮೇಲೆ ಚಿಮ್ಮುತ್ತದೆ. ಅದಕ್ಕೇ ಎಫೆಕ್ಟ್ಸ್ ಮೇಲ್ವಿಚಾರಕ ಪಾಲ್ ಲ್ಯಾಂಬರ್ಟ್ ಮರಳಿನ ಬಣ್ಣದ ಪರದೆಗಳನ್ನು ಬಳಸಿದರು. ಮುಖಕ್ಕೆ ತಾಗಿದ್ದು ಮರುಭೂಮಿಯ ಬಣ್ಣವೇ. ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಅವರ ಬೆಳಕು ಕೆಡಲಿಲ್ಲ.

‘ಲೈಫ್ ಆಫ್ ಪೈ’ ವಿಷಯ ಇಷ್ಟು ಸಲೀಸಲ್ಲ. ಹಾಂಗ್‌ಕಾಂಗ್ ನಿರ್ದೇಶಕ ವಾಂಗ್ ಕಾರ್-ವಾಯ್ ಅವರ ಚಿತ್ರಗಳಿಂದ ಹೆಸರಾದ ಛಾಯಾಗ್ರಾಹಕ ಕ್ರಿಸ್ಟೊಫರ್ ಡಾಯ್ಲ್ 2013ರಲ್ಲಿ, ಈ ಪ್ರಶಸ್ತಿ ಛಾಯಾಗ್ರಹಣಕ್ಕೇ ಮಾಡಿದ ಅವಮಾನ ಎಂಬರ್ಥದಲ್ಲಿ ಹರಿಹಾಯ್ದರು. ಡೀಕಿನ್ಸ್ ಅಭಿಮಾನಿಗಳ ಸಿಟ್ಟೂ ಅದಕ್ಕೆ ಸೇರಿಕೊಂಡಿತು. ಹದಿಮೂರು ಸಲ ನಾಮನಿರ್ದೇಶನಗೊಂಡು ಬರಿಗೈಯಲ್ಲಿ ಮರಳಿದ ಆತ ಗೆದ್ದದ್ದು ಹದಿನಾಲ್ಕನೇ ಸಲ, 2018ರಲ್ಲಿ. ಪೈಯ ಸಮುದ್ರ ತೈವಾನಿನ ತೈಚುಂಗ್‌ನ ಹಳೆಯ ವಿಮಾನ ನಿಲ್ದಾಣದಲ್ಲಿ ಕಟ್ಟಿದ್ದ ಅಲೆಗಳ ತೊಟ್ಟಿ. ಆಕಾಶ ಮತ್ತು ದಿಗಂತ ಆಮೇಲೆ ಸೇರಿದವು, ಹುಲಿ ಹೆಚ್ಚಿನ ಶಾಟುಗಳಲ್ಲಿ ಡಿಜಿಟಲ್. ತೊಟ್ಟಿಯಲ್ಲಿ ಹುಡುಗನ ಮೇಲೆ ಬಿದ್ದ ಬೆಳಕು ಮಿರಾಂಡಾ ಅವರದು, ಅದರಲ್ಲಿ ಅನುಮಾನವಿಲ್ಲ. ಆದರೆ ನಮಗೆ ನೆನಪುಳಿಯುವ ಆ ಬಂಗಾರದ ಸಂಜೆ, ನಕ್ಷತ್ರ ತುಂಬಿದ ನೀರು ನೂರಾರು ಕೈಗಳ ಕೆಲಸ. ಒಬ್ಬರ ಹೆಸರಿಗೆ ಅದನ್ನು ಬರೆಯುವಾಗ ಕೈ ನಡುಗಬೇಕು. ಹಾಗೆಂದು ಡಾಯ್ಲ್ ಅವರ ಕಡುಮಾತನ್ನೂ ನಾನು ಒಪ್ಪುವುದಿಲ್ಲ. ಆ ವರ್ಷ ಶುದ್ಧ ಕಸುಬಿನ ಪ್ರತೀಕವಾಗಿ ಅಭಿಮಾನಿಗಳು ಎತ್ತಿಹಿಡಿದ ‘ಸ್ಕೈಫಾಲ್’ನ ಶಾಂಘೈ ಹೊಡೆದಾಟ, ಆ ನೀಲಿ ಬೆಳಕಿನೆದುರು ಕಪ್ಪು ಆಕೃತಿಗಳ ಕಾದಾಟ, ಪೈನ್‌ವುಡ್‌ನ ಸ್ಟುಡಿಯೊದಲ್ಲಿ ದೊಡ್ಡ ಎಲ್‌ಇಡಿ ಪರದೆಗಳನ್ನಿಟ್ಟು ಮಾಡಿದ್ದು.

ನನಗೆ ಒಪ್ಪಿಗೆಯಾಗದ ಗೆಲುವು ‘ಅವತಾರ್’. ನ್ಯೂಜಿಲೆಂಡಿನ ಸೆಟ್ಟುಗಳಲ್ಲಿ ಮನುಷ್ಯ ಪಾತ್ರಗಳನ್ನು ಫಿಯೋರೆ ಸೊಗಸಾಗಿ ಚಿತ್ರಿಸಿದರು. ಆದರೆ ಮತ ಹಾಕಿದವರ ಕಣ್ಣಲ್ಲಿ ಉಳಿದದ್ದು ಚಿತ್ರದ ಕಲ್ಪಿತ ಲೋಕ ಪಂಡೋರಾದ, ರಾತ್ರಿ ಹೊಳೆಯುವ ಕಾಡು. ಅಲ್ಲಿ ವರ್ಚುವಲ್ ಕ್ಯಾಮೆರಾ, ಅಂದರೆ ಕಂಪ್ಯೂಟರಿನೊಳಗಿನ ಲೋಕವನ್ನು ನೋಡುವ ಸಾಧನ, ಹಿಡಿದು ಚೌಕಟ್ಟು ಆರಿಸಿದವರು ನಿರ್ದೇಶಕ ಜೇಮ್ಸ್ ಕ್ಯಾಮೆರಾನ್, ಎಲೆಎಲೆಗೂ ಬೆಳಕು ಕೊಟ್ಟವರು ವೆಟಾ ಎಂಬ ಎಫೆಕ್ಟ್ಸ್ ಸಂಸ್ಥೆಯ ಕಲಾವಿದರು. 2023ರಲ್ಲಿ ಇದರ ಎರಡನೇ ಭಾಗ ಆಸ್ಕರ್ ಕಣಕ್ಕೆ ಬಂದಾಗ ಅದರ ಛಾಯಾಗ್ರಾಹಕ ರಸೆಲ್ ಕಾರ್ಪೆಂಟರ್ ಅವರಿಗೆ ಛಾಯಾಗ್ರಹಣದ ನಾಮನಿರ್ದೇಶನವೇ ಸಿಗಲಿಲ್ಲ. ಚಿತ್ರ ಎಫೆಕ್ಟ್ಸ್ ಪ್ರಶಸ್ತಿ ಮಾತ್ರ ಗೆದ್ದಿತು. ನಾಮನಿರ್ದೇಶನ ಮಾಡುವ ಛಾಯಾಗ್ರಾಹಕರ ಮನಸ್ಸು ಆ ಹೊತ್ತಿಗೆ ಬದಲಾಗಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. 2019ರ ‘ದಿ ಲಯನ್ ಕಿಂಗ್’ ಇನ್ನೂ ಕಗ್ಗಂಟು. ಕ್ಯಾಲೆಬ್ ಡೆಶನೆಲ್‌ರಂಥ ಹಿರಿಯ ಛಾಯಾಗ್ರಾಹಕ ವಿಆರ್ ಕನ್ನಡಕ ಹಾಕಿಕೊಂಡು, ಇಲ್ಲದ ಸವನ್ನಾದಲ್ಲಿ ಕ್ಯಾಮೆರಾ ನಡೆಸಿ ಶಾಟುಗಳನ್ನು ತೆಗೆದರು. ಇಡೀ ಚಿತ್ರದಲ್ಲಿ ನಿಜವಾಗಿ ಕ್ಯಾಮೆರಾ ಕಂಡ ಶಾಟ್ ಒಂದೇ. ಅದಕ್ಕೆ ಎಫೆಕ್ಟ್ಸ್ ನಾಮನಿರ್ದೇಶನ ಸಿಕ್ಕಿತು, ಛಾಯಾಗ್ರಹಣದ್ದು ಸಿಗಲಿಲ್ಲ.

ಮತ ಹಾಕುವವರ ಗೊಂದಲಕ್ಕೆ ಸ್ಟುಡಿಯೊಗಳ ಪ್ರಚಾರವೂ ಕಾರಣ. ‘ಎಲ್ಲವೂ ನಿಜ, ಗ್ರಾಫಿಕ್ಸ್ ಇಲ್ಲವೇ ಇಲ್ಲ’ ಎಂಬಂತೆ ಮಾತಾಡುವುದು ಈಗ ಹೆಮ್ಮೆಯ ವಿಷಯವಾಗಿದೆ. ‘ಟಾಪ್ ಗನ್: ಮ್ಯಾವರಿಕ್’ನಲ್ಲಿ ನಟರು ನಿಜವಾಗಿ ವಿಮಾನದೊಳಗೆ ಕೂತು ಹಾರಿದ್ದು ಹೌದು, ಕಾಕ್‌ಪಿಟ್ಟಿನೊಳಗೆ ಕ್ಯಾಮೆರಾಗಳನ್ನು ಕೂರಿಸಿದ್ದೂ ಹೌದು. ಜೊತೆಗೆ ಎರಡು ಸಾವಿರಕ್ಕೂ ಹೆಚ್ಚು ಎಫೆಕ್ಟ್ಸ್ ಶಾಟುಗಳೂ ಅದರಲ್ಲಿದ್ದವು. ಅದರ ಛಾಯಾಗ್ರಾಹಕ ಇದೇ ಕ್ಲಾಡಿಯೊ ಮಿರಾಂಡಾ. ಕಂಪ್ಯೂಟರ್ ಹುಲಿಯ ಚಿತ್ರಕ್ಕೆ ಆಸ್ಕರ್ ಗೆದ್ದಾತ ನಿಜವಾದ ಆಕಾಶದಲ್ಲಿ ಚಿತ್ರಿಸಿದಾಗ ಅಂತಿಮ ಐವರಲ್ಲೂ ಇರಲಿಲ್ಲ.

ನಮ್ಮ ರಾಷ್ಟ್ರಪ್ರಶಸ್ತಿಗಳಲ್ಲಿ ಸಾವಿರಾರು ಜನರ ಮತದಾನವಿಲ್ಲ, ತೀರ್ಪುಗಾರರ ಸಣ್ಣ ಮಂಡಳಿ ಕೂತು ತೀರ್ಮಾನಿಸುತ್ತದೆ. 2018ರ ಚಿತ್ರಗಳ ಪ್ರಶಸ್ತಿಯಲ್ಲಿ ‘ಕೆಜಿಎಫ್’ ಮೊದಲ ಭಾಗಕ್ಕೆ ಸ್ಪೆಷಲ್ ಎಫೆಕ್ಟ್ಸ್ ಮತ್ತು ಸಾಹಸ ಪ್ರಶಸ್ತಿಗಳು ಬಂದವು, ಛಾಯಾಗ್ರಹಣ ಪ್ರಶಸ್ತಿ ಮಲಯಾಳದ ‘ಓಳು’ ಚಿತ್ರದ ಎಂ.ಜೆ. ರಾಧಾಕೃಷ್ಣನ್ ಅವರಿಗೆ ಹೋಯಿತು. ‘ಕೆಜಿಎಫ್’ನ ಛಾಯಾಗ್ರಾಹಕ ಭುವನ್ ಗೌಡರ ಆ ಮಸಿ ಹಿಡಿದ, ಧೂಳು ತುಂಬಿದ ಬೆಳಕಿಗೆ ಅಭಿಮಾನಿಗಳು ಇವತ್ತಿಗೂ ವಾದಿಸುತ್ತಾರೆ. ವಾದಿಸಲಿ. ಸಣ್ಣ ಮಂಡಳಿಯಲ್ಲೂ ತಕರಾರು ತಪ್ಪಿದ್ದಲ್ಲ, ಆದರೆ ಎಫೆಕ್ಟ್ಸ್ ಬೇರೆ, ಕ್ಯಾಮೆರಾ ಬೇರೆ ಎಂಬ ಗೆರೆ ಅಲ್ಲಿ ಹೆಚ್ಚು ಅಳಿಸಿಲ್ಲ.

ಈ ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ನೋವು ಕೊಡುವ ಭಾಗ ಬೇರೆ. 2013ರ ಫೆಬ್ರುವರಿಯಲ್ಲಿ, ‘ಲೈಫ್ ಆಫ್ ಪೈ’ನ ಹುಲಿಯನ್ನು ರೂಪಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಆಸ್ಕರ್ ಸಮಾರಂಭದ ಹೊರಗೆ ನೂರಾರು ಎಫೆಕ್ಟ್ಸ್ ಕಲಾವಿದರು ಪ್ರತಿಭಟಿಸಿದರು. ಒಳಗೆ ವೇದಿಕೆಯಲ್ಲಿ, ಆ ಚಿತ್ರದ ಎಫೆಕ್ಟ್ಸ್ ಪ್ರಶಸ್ತಿ ಪಡೆದ ಬಿಲ್ ವೆಸ್ಟೆನ್‌ಹೋಫರ್ ಸಂಸ್ಥೆಯ ಕಷ್ಟದ ಮಾತೆತ್ತುತ್ತಿದ್ದಂತೆ ಸಂಗೀತ ಜೋರಾಗಿ ಮೈಕ್ ಬಂದಾಯಿತು. ಅದೇ ರಾತ್ರಿ ಆ ಚಿತ್ರಕ್ಕೆ ಛಾಯಾಗ್ರಹಣದ ಆಸ್ಕರ್ ಕೂಡ ಬಂತು. ಹನ್ನೆರಡು ವರ್ಷಗಳ ನಂತರ ಇದೇ ಕಥೆ ನಮ್ಮ ಬಾಗಿಲಿಗೆ ಬಂತು. ‘ದಿ ಜಂಗಲ್ ಬುಕ್’, ‘ದಿ ಲಯನ್ ಕಿಂಗ್’, ‘1917’ ಚಿತ್ರಗಳ ಎಫೆಕ್ಟ್ಸ್ ಮಾಡಿದ ಎಂಪಿಸಿ ಸಂಸ್ಥೆಗೆ ಬೆಂಗಳೂರಿನಲ್ಲೂ ದೊಡ್ಡ ಸ್ಟುಡಿಯೊ ಇತ್ತು. 2025ರ ಫೆಬ್ರುವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದುಬಿದ್ದಾಗ ಬೆಂಗಳೂರಿನ ಸಾವಿರಾರು ಕಲಾವಿದರು ರಾತ್ರೋರಾತ್ರಿ ಕೆಲಸ ಕಳೆದುಕೊಂಡರು. ಒಂದೊಂದು ಕೂದಲನ್ನು ಬಿಡಿಸಿ ತೆಗೆಯುವ ರೋಟೊ, ತಂತಿ ಅಳಿಸುವ ಪೇಂಟ್, ಬೆಳಕು ಹಾಕುವ ಲೈಟಿಂಗ್, ಹೀಗೆ ಈ ಉದ್ಯಮದ ಕಣ್ಣಿಗೆ ಕಾಣದ ದುಡಿಮೆ ದೊಡ್ಡ ಪಾಲು ನಡೆಯುವುದು ಇಂಥ ಊರುಗಳಲ್ಲಿ. ಎಫೆಕ್ಟ್ಸ್ ಆಸ್ಕರಿನಲ್ಲಿ ಒಂದು ಚಿತ್ರಕ್ಕೆ ಗರಿಷ್ಠ ನಾಲ್ಕು ಹೆಸರು, ಛಾಯಾಗ್ರಹಣದಲ್ಲಿ ಸಾಮಾನ್ಯವಾಗಿ ಒಂದು. ಪಂಡೋರಾದ ಎಲೆಗೆ ಬೆಳಕು ಕೊಟ್ಟವರು ಈ ಎರಡೂ ಪಟ್ಟಿಯಲ್ಲಿ ಬರುವುದಿಲ್ಲ.

ಹೊಸ ಪ್ರಶಸ್ತಿ ಸೃಷ್ಟಿಸಿ ಎನ್ನುವವರಿದ್ದಾರೆ. ವಿಷುಯಲ್ ಎಫೆಕ್ಟ್ಸ್ ಸೊಸೈಟಿ ವರ್ಚುವಲ್ ಛಾಯಾಗ್ರಹಣಕ್ಕೆ ಪ್ರತ್ಯೇಕ ಪ್ರಶಸ್ತಿ ಇಟ್ಟೂ ಇದೆ. ಅಕಾಡೆಮಿಯೂ 1960ರ ದಶಕದ ಮಧ್ಯದವರೆಗೆ ಕಪ್ಪುಬಿಳುಪಿಗೆ ಒಂದು, ವರ್ಣಕ್ಕೆ ಒಂದು ಎಂದು ಎರಡು ಪ್ರಶಸ್ತಿ ಕೊಡುತ್ತಿತ್ತು. ಆದರೆ ಇಂದು ಹಾಗೆ ಒಡೆದರೆ ‘1917’ ಯಾವ ಪಟ್ಟಿಗೆ ಸೇರಬೇಕು? ‘ದಿ ರೆವೆನಂಟ್’? ಗೆರೆ ಎಳೆಯುವ ಜಾಗವೇ ಸಿಗುವುದಿಲ್ಲ. ಅದರ ಬದಲು ಎಫೆಕ್ಟ್ಸ್ ವಿಭಾಗದಲ್ಲಿ ಈಗಾಗಲೇ ಇರುವ ಪದ್ಧತಿಯನ್ನು ಕ್ಯಾಮೆರಾ ವಿಭಾಗಕ್ಕೂ ತರಬಹುದು. ಅಲ್ಲಿ ಅಂತಿಮ ಸುತ್ತಿಗೆ ಮುನ್ನ ಹತ್ತು ಚಿತ್ರಗಳ ತಂಡಗಳು ಸದಸ್ಯರ ಎದುರು ತುಣುಕುಗಳನ್ನು ತೋರಿಸಿ, ಏನನ್ನು ಹೇಗೆ ಮಾಡಿದೆವು ಎಂದು ವಿವರಿಸುತ್ತವೆ. ಛಾಯಾಗ್ರಾಹಕರೂ ಎದ್ದು ನಿಂತು ‘ಈ ಬೆಳಕು ನಾನು ಸೆಟ್ಟಿನಲ್ಲಿ ಹಾಕಿದ್ದು, ಇದು ಇವರ ತಂಡ ಆಮೇಲೆ ಕಟ್ಟಿದ್ದು’ ಎಂದು ಹೆಸರಿಟ್ಟು ತೋರಿಸಲಿ. ಆ ವಿವರಣೆ ಎಲ್ಲ ಸದಸ್ಯರಿಗೂ ಸಿಗಲಿ. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ, ಒಂದು ವಿಭಾಗದ ಎಲ್ಲ ನಾಮನಿರ್ದೇಶಿತ ಚಿತ್ರಗಳನ್ನು ನೋಡಿದವರಷ್ಟೇ ಆ ವಿಭಾಗದ ಅಂತಿಮ ಮತ ಹಾಕಬೇಕು ಎಂದು ನಿಯಮ ಮಾಡಿತು. ನೋಡಲೇಬೇಕು ಎಂದವರು, ತಿಳಿದು ನೋಡಿ ಎಂದೂ ಹೇಳಬಹುದು.

ಇದು ತುರ್ತಾಗಿ ಆಗಬೇಕು. ಅದೇ ನಿಯಮಗಳ ಜೊತೆ ಅಕಾಡೆಮಿ ಎಐ ಬಗ್ಗೆಯೂ ಮಾತಾಡಿತು. ಅದರ ಬಳಕೆ ನಾಮನಿರ್ದೇಶನಕ್ಕೆ ಅನುಕೂಲವೂ ಅಲ್ಲ, ಅಡ್ಡಿಯೂ ಅಲ್ಲ ಎಂದಿತು. ಅಂದರೆ ಯಾರೂ ದೀಪ ಹಚ್ಚದ, ಯಾರೂ ಚೆಂಡು ಹಿಡಿದು ನಿಲ್ಲದ, ಬೆಂಗಳೂರಿನ ಯಾವ ಕಲಾವಿದನೂ ಕೂತು ತಿದ್ದದ ಸೂರ್ಯಾಸ್ತವೊಂದು ಮತಪತ್ರದ ಮೇಲೆ ಬರುವ ದಿನ ದೂರವಿಲ್ಲ. ‘ಗ್ರಾವಿಟಿ’ಯ ಪೆಟ್ಟಿಗೆಯನ್ನು ಕಟ್ಟಿದವರ ಕೆಲಸಕ್ಕೂ ಇದಕ್ಕೂ ಇರುವ ಅಂತರ ಮತದಾರನಿಗೆ ಪರದೆಯಿಂದಷ್ಟೇ ತಿಳಿಯಲಾರದು. ಛಾಯಾಗ್ರಾಹಕರ ವಿಭಾಗ ಆ ವಿವರಣೆಯನ್ನು ಕಡ್ಡಾಯ ಮಾಡಬೇಕಾದದ್ದು ಈಗ, ಅಂಥ ಚಿತ್ರ ಪಟ್ಟಿಗೆ ಬರುವುದಕ್ಕೆ ಮುಂಚೆ.